ಎಂಎಂ540 ಎಂಜಿನ್ ಕಟ್ಸಿದೀನಿ, ರನ್ನಿಂಗ್ (ಹೊಸ ಎಂಜಿನ್ ಪಳಗಿಸೋ ಓಟ) ಹೇಗ್ ಮಾಡ್ಬೇಕು? ಒಬ್ಬೊಬ್ರು ಒಂದೊಂದ್ ಹೇಳ್ತಿದಾರೆ

ಬನಶಂಕರಿ_540:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮಪ್ಪನ ಮಹೀಂದ್ರ ಎಂಎಂ540, 1991ರ ಜೀಪು, 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್ನು. ಮಾಗಡಿ ಕಡೆ ನಮ್ ತೋಟಕ್ಕೆ ಗೊಬ್ಬರ, ಪೈಪು, ಆಳುಗಳು ಎಲ್ಲಾ ಅದ್ರಲ್ಲೇ ಹೋಗ್ತಿತ್ತು, ನಾನು ಕ್ಲಚ್ಚು ಗೇರು ಕಲ್ತಿದ್ದೂ ಅದ್ರಲ್ಲೇ. ಕೊನೇಕೊನೇಗೆ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಬೀದಿ ಪೂರ್ತಿ ಹೊಗೆ, ಹೀಟರ್ (ಸ್ಟಾರ್ಟ್‌ಗೆ ಮುಂಚೆ ಎಂಜಿನ್ ಒಳಗೆ ಬಿಸಿ ಮಾಡೋ ಪ್ಲಗ್) ಎರಡ್ಮೂರ್ ಸಲ ಹಾಕ್ಬೇಕಿತ್ತು, 500 ಕಿಲೋಮೀಟರ್‌ಗೆ ಹೆಚ್ಚುಕಮ್ಮಿ ಒಂದ್ ಲೀಟರ್ ಆಯಿಲ್ ಕುಡೀತಿತ್ತು, ಏರಲ್ಲಿ ಎಳೀತಾನೇ ಇರ್ಲಿಲ್ಲ. ಮಾರ್ಬಿಡು ಅಂದೋರೇ ಎಲ್ಲ. ಅಪ್ಪಂಗೆ ಈಗ 74, ಬಾಯ್ಬಿಟ್ ಏನೂ ಹೇಳಲ್ಲ, ಆದ್ರೆ ದಿನಾ ಬೆಳಗ್ಗೆ ಶೀಟ್ ಎತ್ತಿ ಒಂದ್ ಸಲ ನೋಡಿ ಮತ್ತೆ ಹೊದಿಸ್ತಿದ್ರು. ಅದನ್ನ ನೋಡಿ ಮಾರೋಕೆ ಮನಸ್ ಬರ್ಲಿಲ್ಲ, ಎಂಜಿನ್ ಇಳಿಸ್ಬಿಟ್ಟೆ.

ಮಾಡ್ಸಿರೋ ಕೆಲಸ: ಹೊಸ ಲೈನರ್ (ಪಿಸ್ಟನ್ ಓಡಾಡೋ ಕೊಳವೆ) ಪಿಸ್ಟನ್ ಕಿಟ್, ರಿಂಗ್ ಸೆಟ್, ಕ್ರ್ಯಾಂಕ್ 0.25 ಗ್ರೈಂಡಿಂಗ್ ಮಾಡ್ಸಿ ಅದಕ್ ಸರಿಯಾದ ಬೇರಿಂಗ್, ವಾಲ್ವ್ ಗ್ರೈಂಡಿಂಗ್, ಹೊಸ ಆಯಿಲ್ ಪಂಪು, ನಾಜಲ್ ಬದಲಾಯಿಸಿ ಡೀಸೆಲ್ ಪಂಪ್ ಕ್ಯಾಲಿಬ್ರೇಷನ್. ಸ್ಪೇರ್ಸ್ ಎಲ್ಲಾ ಜೆಸಿ ರೋಡಲ್ಲಿ ನಾನೇ ನಿಂತು ನೋಡಿ ತಂದೆ, ಮೂರ್ ಶನಿವಾರ ಹಿಡೀತು.

ಈಗ ಸಮಸ್ಯೆ. ಹೋದ ಶುಕ್ರವಾರ ಸ್ಟಾರ್ಟ್ ಮಾಡಿದ್ರು. ಗ್ಯಾರೇಜಲ್ಲಿ ಎರಡ್ ಗಂಟೆ ಐಡಲ್ಲಲ್ಲೇ ಬಿಟ್ರು, ರಿಂಗ್ ಸೆಟ್ ಆಗ್ಲಿ ಅಂತ. ರೇಡಿಯೇಟರ್ ಬಾಯಿಗೆ ನೀರಿನ ಪೈಪ್ ಬಿಟ್ಟಿದ್ರು, ಟೆಂಪರೇಚರ್ ಮುಳ್ಳು ಮೇಲೇ ಏಳ್ಲಿಲ್ಲ. ಮೆಕ್ಯಾನಿಕ್ ಹೇಳೋದು 1000 ಕಿಲೋಮೀಟರ್ ತನಕ 40ರ ಮೇಲೆ ಹೋಗ್ಲೇಬೇಡಿ ಟಾಪ್ ಗೇರಲ್ಲಿ ಆರಾಮಾಗ್ ಓಡ್ಸಿ ಅಂತ. ಅಪ್ಪನೂ ಅದನ್ನೇ ಹೇಳ್ತಾರೆ. ಆದ್ರೆ ಆಫೀಸಲ್ಲಿ ಒಬ್ರು ಬೈಕ್ ರೇಸ್ ಹುಚ್ಚಿನೋರು ಇದಾರೆ, ಅವ್ರು ಮೊದಲ್ನೇ ದಿನಾನೇ ಚೆನ್ನಾಗ್ ಎಳ್ಸಿ ಇಲ್ದಿದ್ರೆ ರಿಂಗ್ ಯಾವತ್ತೂ ಕೂರಲ್ಲ ಅಂತಾರೆ. ಈಗ 35 ಕಿಲೋಮೀಟರ್ ಆಗಿದೆ, ಅಷ್ಟೂ ಬನಶಂಕರಿಯಿಂದ ಜೆಪಿ ನಗರ ಸಿಗ್ನಲ್‌ಗಳಲ್ಲೇ. ಸೈಲೆನ್ಸರಲ್ಲಿ ತೆಳು ನೀಲಿ ಹೊಗೆ ಇದೆ, ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ಸುಮ್ನೆ ಮೇಲಿಟ್ರೆ ಕುಣಿಯುತ್ತೆ. ಆಯಿಲ್ ಪ್ರೆಷರ್ ಚೆನ್ನಾಗಿದೆ. ಮುಂದಿನ ತಿಂಗಳು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಆರ್‌ಟಿಓ ಮುಂದೆ ನಿಲ್ಲಿಸ್ಬೇಕು, ಹೊಗೆ ಹಿಂಗೇ ಇದ್ರೆ ಕಷ್ಟ.

ಕೆಟ್ಟೋಯ್ತಾ ಅಂತ ಭಯ ಆಗ್ತಿದೆ. ಇನ್ನೊಂದ್ ಸಲ ಇಳ್ಸೋ ಶಕ್ತಿ ದುಡ್ಡಿಗೂ ಇಲ್ಲ ನಂಗೂ ಇಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

—

ಪೀಣ್ಯ_ಜನರೇಟರ್:

ಬ್ರದರ್, ಮೊದ್ಲು ಸಮಾಧಾನ ಮಾಡ್ಕೊಳಿ, ಕೆಟ್ಟಿಲ್ಲ. ಆದ್ರೆ ಇವತ್ತಿಂದ ಐಡಲ್ ನಿಲ್ಸಿ. ಸಿಗ್ನಲ್ ರೋಡಿಗೆ ಗಾಡಿ ತರ್ಬೇಡಿ.

ನಾನು 17 ವರ್ಷದಿಂದ ಡಿಜಿ ಸೆಟ್ (ಡೀಸೆಲ್ ಜನರೇಟರ್) ಸರ್ವಿಸ್ ಮಾಡ್ತಿದೀನಿ, ಅಪಾರ್ಟ್‌ಮೆಂಟು ಫ್ಯಾಕ್ಟರಿ ಎಲ್ಲಾ. ನಿಮ್ ಜೀಪ್ ಎಂಜಿನ್ನಿಗೂ ಇದಕ್ಕೂ ಏನ್ ಸಂಬಂಧ ಅನ್ನಿಸ್ಬಹುದು, ಆದ್ರೆ ಕಾಯಿಲೆ ಒಂದೇ. ದೊಡ್ಡ ಅಪಾರ್ಟ್‌ಮೆಂಟ್ ಕಟ್ತಾರೆ, ಅದಕ್ಕೆ ದೊಡ್ಡ ಡಿಜಿ ಹಾಕ್ತಾರೆ, ಆದ್ರೆ ಮೊದಲ್ನೇ ವರ್ಷ ಮನೆಗಳಿಗೆ ಜನಾನೇ ಬಂದಿರಲ್ಲ, ಲಿಫ್ಟು ಮೋಟ್ರು ಬಿಟ್ರೆ ಲೋಡೇ ಇರಲ್ಲ. 30 ಪರ್ಸೆಂಟ್‌ಗಿಂತ ಕಮ್ಮಿ ಲೋಡಲ್ಲಿ ಗಂಟೆಗಟ್ಲೆ ಓಡುತ್ತೆ. ಆಮೇಲ್ ನಮ್ಮನ್ನ ಕರೀತಾರೆ, ಹೊಸ ಎಂಜಿನ್ನು ಆಗ್ಲೇ ಆಯಿಲ್ ಕುಡೀತಿದೆ, ಸೈಲೆನ್ಸರ್ ಜಾಯಿಂಟಲ್ಲಿ ಕರೀ ಜಿಡ್ಡು ಸೋರ್ತಿದೆ ಅಂತ. ಹೆಡ್ ಎತ್ತಿ ಟಾರ್ಚ್ ಬಿಟ್ ನೋಡಿದ್ರೆ ಲೈನರ್ ಒಳಗೆ ಹೋನಿಂಗ್ ಗೀರು (ಆಯಿಲ್ ಹಿಡ್ಕೊಳಕ್ಕೆ ಕಲ್ಲಲ್ಲಿ ಉಜ್ಜಿ ಮಾಡೋ ಸಣ್ಣ ಗೆರೆ) ಇರ್ಬೇಕಾದ್ ಜಾಗ ಕನ್ನಡಿ ಥರ ಹೊಳೀತಿರುತ್ತೆ, ಕೆಲವು ಕಡೆ ಜೇನುತುಪ್ಪದ ಬಣ್ಣದ ಪದರ. ಉಗುರಲ್ಲಿ ಕೆರೆದ್ರೂ ಬರಲ್ಲ. ಅದೇ ಗ್ಲೇಜಿಂಗು.

ಯಾಕಾಗುತ್ತೆ ಅಂದ್ರೆ, ಪಿಸ್ಟನ್ ರಿಂಗ್ ತನ್ನ ಸ್ವಂತ ಬಲದಿಂದ ಲೈನರ್‌ಗೆ ಒತ್ಕೊಳೋದು ತುಂಬಾ ಕಮ್ಮಿ. ಉರಿದ ಗ್ಯಾಸು ರಿಂಗ್ ಮೇಲಿಂದ ಅದರ ಬೆನ್ನಿಗೆ ಹೋಗಿ ಹೊರಕ್ಕೆ ನೂಕುತ್ತಲ್ಲ, ಆ ಪ್ರೆಷರ್ರೇ ಅದನ್ನ ಗೋಡೆಗೆ ಒತ್ತೋದು. ಲೋಡ್ ಜಾಸ್ತಿ ಇದ್ರೆ ಡೀಸೆಲ್ ಜಾಸ್ತಿ ಉರಿಯುತ್ತೆ, ಪ್ರೆಷರ್ ಜಾಸ್ತಿ, ರಿಂಗು ಗಟ್ಟಿಯಾಗ್ ಒತ್ತುತ್ತೆ, ಹೋನಿಂಗ್ ಗೀರುಗಳ ಚೂಪು ತುದಿ ಸವೆದು ರಿಂಗೂ ಲೈನರೂ ಒಂದಕ್ಕೊಂದು ಹೊಂದ್ಕೊಳುತ್ತೆ. ಗೀರಿನ ತಳ ಹಾಗೇ ಉಳಿದು ಆಯಿಲ್ ಹಿಡ್ಕೊಳುತ್ತೆ. ಐಡಲ್ಲಲ್ಲಿ ಇದ್ಯಾವ್ದೂ ಆಗಲ್ಲ, ರಿಂಗು ಆಯಿಲ್ ಪದರದ ಮೇಲೆ ಜಾರ್ತಾ ಇರುತ್ತೆ ಅಷ್ಟೆ, ಎಂಜಿನ್ ಸರಿಯಾಗ್ ಬಿಸೀನೂ ಆಗಿರಲ್ಲ, ಪೂರ್ತಿ ಉರೀದ ಡೀಸೆಲ್ಲು ಆಯಿಲ್ಲು ಎರಡೂ ಸೇರಿ ಆ ಗೀರುಗಳಲ್ಲಿ ಕೂತು ಬೇಯುತ್ತೆ. ಒಂದ್ ಸಲ ಹಾಗೆ ಮುಚ್ಕೊಂಡ್ರೆ ಆಮೇಲ್ ಎಷ್ಟ್ ಓಡ್ಸಿದ್ರೂ ರಿಂಗ್ ಕೂರಲ್ಲ, ಬಿಚ್ಚಿ ಮತ್ತೆ ಹೋನಿಂಗ್ ಮಾಡ್ಲೇಬೇಕು.

ನಿಮ್ದು ಎರಡ್ ಗಂಟೆ ಐಡಲ್ಲು, 35 ಕಿಲೋಮೀಟರ್ ಸಿಟಿ. ಇಷ್ಟಕ್ಕೆ ಗ್ಲೇಜ್ ಆಗಲ್ಲ. ಈಗ ಲೋಡ್ ಕೊಟ್ರೆ ದಾರಿಗೆ ಬರುತ್ತೆ. ಮುಚ್ಚಳ ಕುಣಿಯೋದು ಈ ಹಂತದಲ್ಲಿ ಸಹಜ, ರಿಂಗ್ ಕೂತಿಲ್ಲ ಅಂದ್ರೆ ಗ್ಯಾಸ್ ಕೆಳಗಿಳಿಯುತ್ತೆ. ಅದನ್ನೇ ಅಳತೆ ಥರ ಇಟ್ಕೊಳಿ, ಪ್ರತೀ 100 ಕಿಲೋಮೀಟರ್‌ಗೆ ಒಂದ್ ಸಲ ಬಿಸಿ ಎಂಜಿನ್ನಲ್ಲಿ ಹಂಗೇ ಮುಚ್ಚಳ ಇಟ್ ನೋಡಿ ಮೊಬೈಲಲ್ಲಿ ವಿಡಿಯೋ ಮಾಡ್ಕೊಳಿ.

ಒಂದ್ ಪ್ರಶ್ನೆ. ಮುಳ್ಳು ಮೇಲೇಳ್ಲಿಲ್ಲ ಅಂದ್ರಲ್ಲ, ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗೋ ತನಕ ರೇಡಿಯೇಟರ್‌ಗೆ ನೀರು ತಡೆಯೋ ವಾಲ್ವ್) ಇದ್ಯಾ ಕಿತ್ತಾಕಿದಾರಾ ಅಂತ ನೋಡಿದ್ರಾ? ನಮ್ಮೂರಲ್ಲಿ ಬಹಳ ಗ್ಯಾರೇಜಲ್ಲಿ ಬಿಸಿ ಆಗ್ದಿರ್ಲಿ ಅಂತ ಅದನ್ನ ಕಿತ್ತು ಬಿಸಾಕೋ ಅಭ್ಯಾಸ ಇದೆ. ಡಿಸೆಂಬರ್ ಬೆಳಗ್ಗೆ ಥರ್ಮೋಸ್ಟಾಟ್ ಇಲ್ದೆ ಓಡ್ಸಿದ್ರೆ ಎಂಜಿನ್ ತಣ್ಣಗೇ ಇರುತ್ತೆ, ಪಿಸ್ಟನ್ ತನ್ನ ಅಳತೆಗೇ ಹಿಗ್ಗಲ್ಲ, ಆಯಿಲ್ ಒಳಗಿನ ನೀರಿನ ಆವಿ ಡೀಸೆಲ್ ಹಾರಿಹೋಗಲ್ಲ. ಮೊದ್ಲು ಅದನ್ನ ನೋಡಿ.

—

ಮಲ್ಲೇಶ್ವರಂ_ಹಳೇಗಾಡಿ:

ಜನರೇಟರ್ ಅವರು ಹೇಳಿದ್ದು ಸರಿಯಾಗಿದೆ, ಆದರೆ ಓದಿದವರು ಅರ್ಧ ಮಾತ್ರ ಹಿಡಿದುಕೊಂಡು ಮೊದಲ ದಿನವೇ ಆಕ್ಸಿಲರೇಟರ್ ನೆಲಕ್ಕೆ ಒತ್ತಬಾರದು ಅಂತ ಬರೀತಿದ್ದೀನಿ. ನಿಮ್ಮ ತಂದೆಯವರು 40 ಅಂದಿದ್ದರ ಹಿಂದೆ ಕಾರಣ ಇದೆಯಪ್ಪಾ. ನಮ್ಮ ಕಾಲದಲ್ಲಿ ಹೊಸ ಅಂಬಾಸಡರ್, ಫಿಯೆಟ್ ಹಿಂದಿನ ಗಾಜಿಗೆ ರನ್ನಿಂಗ್ ಇನ್ ಅಂತ ಚೀಟಿ ಅಂಟಿಸಿಕೊಂಡು ತಿಂಗಳುಗಟ್ಟಲೆ ಓಡಿಸ್ತಿದ್ವಿ. ಆಗಿನ ಬೋರಿಂಗು (ಸಿಲಿಂಡರ್ ಕೊರೆಯೋ ಕೆಲಸ), ಆಗಿನ ಆಯಿಲ್ಲು, ಎಲ್ಲದರ ಮೇಲೂ ಅನುಮಾನ. ಪಿಸ್ಟನ್ ಅಳತೆ ಸ್ವಲ್ಪ ಬಿಗಿಯಾಗಿದ್ದು ಬಿಸಿ ಏರಿದರೆ ಹಿಡಿದುಕೊಂಡುಬಿಡೋದು. ಹಿಡಿದ ಎಂಜಿನ್ನನ್ನು ನಾನು ಕಣ್ಣಾರೆ ನೋಡಿದ್ದೀನಿ, ಪಿಸ್ಟನ್ ಪಕ್ಕದಲ್ಲಿ ಅಲ್ಯೂಮಿನಿಯಂ ಕರಗಿ ಲೈನರ್‌ಗೆ ಮೆತ್ತಿಕೊಂಡಿರುತ್ತೆ.

ನನ್ನ ಹತ್ತಿರ ಸಿಜೆ3ಬಿ ಪೆಟ್ರೋಲ್ ಜೀಪ್ ಇದೆ, 2199 ಸಿಸಿ ಹರಿಕೇನ್ ಎಂಜಿನ್. ಇನ್‌ಟೇಕ್ ವಾಲ್ವ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನಲ್ಲಿ ಇರುವ ಎಂಜಿನ್ ಅದು, ಈಗಿನ ಹುಡುಗರಿಗೆ ಬಿಚ್ಚಿ ತೋರಿಸಿದರೆ ಬಾಯಿ ಬಿಟ್ಟು ನೋಡ್ತಾರೆ. ಅದನ್ನು ಎರಡು ಸಲ ಕಟ್ಟಿಸಿದ್ದೀನಿ. ಮೊದಲ ಸಲ ತುಂಬಾ ಮೆಲ್ಲಗೆ ಓಡಿಸಿದೆ, ಎರಡನೇ ಸಲ ಏರು ಹತ್ತಿಸಿ ಓಡಿಸಿದೆ. ಎರಡನೇದ್ದೇ ಚೆನ್ನಾಗಿ ಕೂತಿತು, ಒಪ್ಪುತ್ತೀನಿ. ಆದರೆ ಎರಡನೇ ಸಲ ಬೋರಿಂಗ್ ಮಾಡಿದ ಜಾಗವೂ ಬೇರೆ, ಅದೂ ಒಂದು ಕಾರಣ ಇರಬಹುದು.

ನಾನು ಹೇಳೋದು ಎರಡೇ ವಿಷಯ. ಲೋಡ್ ಕೊಡಿ, ಆದರೆ ಲೋಡ್ ಕೊಟ್ಟು ಬಿಡಿ, ಹಿಡಿದಿಟ್ಟುಕೊಳ್ಳಬೇಡಿ. ಅರ್ಧ ನಿಮಿಷ ಎಳೆಸಿ, ಕಾಲು ತೆಗೆದು ಒಂದು ನಿಮಿಷ ಉಸಿರಾಡಕ್ಕೆ ಬಿಡಿ. ಇನ್ನೊಂದು, ಎಂಜಿನ್ ನರಳುವಂತೆ ದೊಡ್ಡ ಗೇರಲ್ಲಿ ಎಳೆಸಬೇಡಿ. ಕ್ರ್ಯಾಂಕ್ ಗ್ರೈಂಡ್ ಆಗಿ ಹೊಸ ಬೇರಿಂಗ್ ಬಿದ್ದಿದೆ. ಕಮ್ಮಿ ಸ್ಪೀಡಲ್ಲಿ ಆಯಿಲ್ ಪ್ರೆಷರ್ರೂ ಕಮ್ಮಿ, ಆ ಹೊತ್ತಿಗೇ ಪಿಸ್ಟನ್ ಮೇಲೆ ಪೂರ್ತಿ ಏಟು ಬಿದ್ದರೆ ಬೇರಿಂಗ್ ಮೇಲಿನ ಆಯಿಲ್ ಪದರ ಹಿಂಡಿಹೋಗುತ್ತೆ.

ಆಡುಗೋಡಿಯ ಮೈಕೋದಲ್ಲಿ (ಈಗಿನ ಬಾಷ್) ಡೀಸೆಲ್ ಪಂಪ್ ಕಡೆ ಕೆಲಸ ಮಾಡಿ ರಿಟೈರ್ ಆದವನು ನಾನು, ಅದಕ್ಕೆ ಇದನ್ನೂ ಹೇಳ್ತೀನಿ. ಕ್ಯಾಲಿಬ್ರೇಷನ್ ಆದ ಪಂಪಿನ ಸೀಲ್ ಒಡೆಯಲು ಯಾರಿಗೂ ಬಿಡಬೇಡಿ. ಪಿಕಪ್ ಬರ್ತಿಲ್ಲ ಅಂತ ಡೀಸೆಲ್ ಸ್ಕ್ರೂ ತಿರುಗಿಸಿದರೆ ಕರೀ ಹೊಗೆ ಬರುತ್ತೆ, ಉಳಿದ ಡೀಸೆಲ್ ಲೈನರ್ ಮೇಲಿನ ಆಯಿಲ್ ತೊಳೆದುಹಾಕುತ್ತೆ, ಹೊಸ ರಿಂಗಿಗೆ ಅದು ವಿಷ.

—

ಪೀಣ್ಯ_ಜನರೇಟರ್:

ಸರ್ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ತೀನಿ. ಅದಕ್ಕೇ ಆ 40 ಟಾಪ್ ಗೇರಲ್ಲಿ ಅನ್ನೋ ಸಲಹೆ ನಂಗೆ ಹಿಡಿಸ್ಲಿಲ್ಲ, ಲೆಕ್ಕ ಹಾಕಿ ತೋರಿಸ್ತೀನಿ ನೋಡಿ.

ನಿಮ್ ಗಾಡೀಲಿ ಆರ್‌ಪಿಎಂ ಮೀಟ್ರು ಇರಲ್ಲ. ಡಿಫ್ರೆನ್ಷಿಯಲ್ ರೇಷಿಯೋ 5.38 ಇದ್ದು (ಅಂದ್ರೆ ಚಕ್ರ ಒಂದ್ ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು) ಟೈರ್ 6.00-16 ಇದ್ರೆ, ಚಕ್ರ ಒಂದ್ ಸುತ್ತು ತಿರುಗಿದ್ರೆ ಗಾಡಿ ಹೆಚ್ಚುಕಮ್ಮಿ 2.2 ಮೀಟರ್ ಹೋಗುತ್ತೆ. ಟಾಪ್ ಗೇರು ನೇರ ಗೇರು, ಒಂದಕ್ಕೊಂದು. ಹಂಗಾದ್ರೆ 60ರಲ್ಲಿ ಎಂಜಿನ್ ಸುಮಾರು 2450, 40ರಲ್ಲಿ ಬರೀ 1600 ಚಿಲ್ರೆ. ಈ ಎಂಜಿನ್ನಿನ 62 ಹಾರ್ಸ್‌ಪವರ್ ಬರೋದೇ 4500ರಲ್ಲಿ, ಟಾರ್ಕು 2000ದ ಹತ್ರ. ಅಂದ್ರೆ 1600ರಲ್ಲಿ ಟಾಪಲ್ಲಿ ಸ್ವಲ್ಪ ಏರು ಸಿಕ್ರೂ ಸರ್ ಹೇಳಿದ ನರಳಾಟಾನೇ. ಅದೇ 40ನ್ನ ಮೂರನೇ ಗೇರಲ್ಲಿ ಓಡ್ಸಿ, ಎಂಜಿನ್ ಹಗುರಾಗಿ ತಿರುಗುತ್ತೆ, ಕಾಲು ಒತ್ತಿದ್ರೆ ತಕ್ಷಣ ಎಳೆಯುತ್ತೆ. ಸ್ಪೀಡಿಗೆ ಲಿಮಿಟ್ ಇಡೋ ಬದ್ಲು ಆರ್‌ಪಿಎಂಗೆ ಲಿಮಿಟ್ ಇಡಿ, ಮೊದಲ್ನೇ 300 ಕಿಲೋಮೀಟರ್ 2000ದಿಂದ 2800ರ ಒಳಗೆ ಇರ್ಲಿ, ಆಮೇಲೆ ಮೆಲ್ಲಗೆ ಮೇಲೆತ್ಕೊಂಡು ಹೋಗಿ. ಡಿಫ್ರೆನ್ಷಿಯಲ್ ಯಾರಾದ್ರೂ ಬದಲಾಯಿಸಿದ್ರೆ ಈ ಲೆಕ್ಕ ಬದಲಾಗುತ್ತೆ, ಜಾಕ್ ಹಾಕಿ ಎರಡೂ ಹಿಂದಿನ ಚಕ್ರ ಎತ್ತಿ, ಒಟ್ಟಿಗೆ ಒಂದ್ ಸುತ್ತು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟ್ ಸುತ್ತುತ್ತೆ ಎಣಿಸ್ಕೊಳಿ.

ಜಾಗ ಬೇಕಂದ್ರೆ ಬೆಳಗ್ಗೆ 5 ಗಂಟೆಗೆ ಕನಕಪುರ ರೋಡ್ ಹಿಡೀರಿ, ಹಾರೋಹಳ್ಳಿ ದಾಟಿದ್ಮೇಲೆ ಏರಿಳಿತ ಚೆನ್ನಾಗಿದೆ. ತುಮಕೂರು ರೋಡ್ ಬೇಡ, ಗೊರಗುಂಟೆಪಾಳ್ಯದಲ್ಲಿ ನಿಂತ್ಕೊಂಡ್ರೆ ಮತ್ತೆ ಅದೇ ಐಡಲ್ಲು.

—

ಜಿಪ್ಸಿ_413:

ನನ್ ಅನುಭವ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ನಂದು ಜಿಪ್ಸಿ ಕಿಂಗ್, 1298 ಸಿಸಿ ಪೆಟ್ರೋಲ್. ನಾಲ್ಕ್ ವರ್ಷದ ಹಿಂದೆ ಬೋರ್ ಮಾಡ್ಸಿ 0.50 ಓವರ್‌ಸೈಜ್ ಪಿಸ್ಟನ್ ಹಾಕ್ಸಿದ್ದೆ. ಕೆಲ್ಸ ತುಂಬಾ ಚೆನ್ನಾಗಿತ್ತು, ತಪ್ಪು ಪೂರ್ತಿ ಆಮೇಲಿಂದು. ಇಷ್ಟ್ ಖರ್ಚ್ ಮಾಡಿದೀನಿ ಒಳ್ಳೇ ಆಯಿಲ್ಲೇ ಹಾಕೋಣ ಅಂತ ಮೊದಲ್ನೇ ದಿನಾನೇ ಫುಲ್ಲಿ ಸಿಂಥೆಟಿಕ್ ಹಾಕ್ಸಿದೆ. ಮತ್ತೆ ಗಾಡಿ ಓಡಿದ್ದೆಲ್ಲ ಬಿಟಿಎಂ ಲೇಔಟ್‌ನಿಂದ ಎಲೆಕ್ಟ್ರಾನಿಕ್ ಸಿಟಿ, ದಿನಾ ಸಿಲ್ಕ್ ಬೋರ್ಡಲ್ಲಿ ಅರ್ಧ ಗಂಟೆ ನಿಂತು. ತುಂಬಾ ಜೋಪಾನ ಮಾಡ್ತಿದೀನಿ ಅನ್ಕೊಂಡಿದ್ದೆ, 2500 ದಾಟಿಸ್ತಾನೇ ಇರ್ಲಿಲ್ಲ.

3000 ಕಿಲೋಮೀಟರ್ ಆಗೋಷ್ಟರಲ್ಲಿ ಗೇಜ್ ಕಡ್ಡಿ ತೆಗೆದ್ರೆ ತುದೀಲಿ ಆಯಿಲ್ ಒಂದ್ ಹನಿ. ಲೀಕ್ ಎಲ್ಲೂ ಇಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ಎರಡು ಪ್ಲಗ್ಗಿನ ದಾರದಲ್ಲಿ ಆಯಿಲ್ ಒದ್ದೆ. ಕಂಪ್ರೆಷನ್ ನೋಡಿದ್ರು, ಒಂದೊಂದ್ ಸಿಲಿಂಡರ್ ಒಂದೊಂದ್ ಥರ. ಬಿಚ್ಚಿದ್ರೆ ಜನರೇಟರ್ ಅವ್ರು ಬರೆದ್ರಲ್ಲ ಕನ್ನಡಿ, ಅದೇ. ನನ್ ಮುಖ ಕಾಣ್ತಿತ್ತು ಬೋರಲ್ಲಿ. ಪಿಸ್ಟನ್ನು ಬೇರಿಂಗು ಎಲ್ಲಾ ಹೊಸ ಥರಾನೇ ಇತ್ತು, ಬರೀ ಹೋನಿಂಗ್ ಮಾಡಿ ಹೊಸ ರಿಂಗ್ ಹಾಕಿದ್ರು. ಅವತ್ತು ಗ್ಯಾರೇಜಲ್ಲಿ ಕೂತು ಅತ್ತಿದೀನಿ ನಿಜವಾಗ್ಲೂ.

ಎರಡನೇ ಸಲ ಸಾದಾ ಮಿನರಲ್ ಆಯಿಲ್ ಹಾಕಿ, ಒಂದ್ ವಾರ ರಜೆ ತಗೊಂಡು, ಬೆಳಗ್ಗೆ ಬೆಳಗ್ಗೆ ನಂದಿ ಬೆಟ್ಟಕ್ ಹೋದೆ. ಇಲ್ಲಿಂದ 60 ಕಿಲೋಮೀಟರ್, ಮೇಲೆ 1478 ಮೀಟರ್, ಅಷ್ಟೂ ತಿರುವುಗಳಲ್ಲಿ ಎರಡನೇ ಮೂರನೇ ಗೇರಲ್ಲಿ ಎಳೆಸೋದು, ಇಳಿಯುವಾಗ ಬ್ರೇಕ್ ಬದ್ಲು ಗೇರಲ್ಲೇ ಇಳಿಸೋದು. ಪೆಟ್ರೋಲ್ ಗಾಡೀಲಿ ಇಳಿಯೋದೂ ಮುಖ್ಯ ಯಾಕಂದ್ರೆ ಆಕ್ಸಿಲರೇಟರ್ ಬಿಟ್ಟಾಗ ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಎಳೀತು ಅಂದ್ರೆ ರಿಂಗ್ ದಾಟಿ ಸ್ವಲ್ಪ ಆಯಿಲ್ ಮೇಲೆ ಬಂದು ಸವೆದ ಪುಡಿ ತೊಳೆಯುತ್ತೆ. ಡೀಸೆಲ್ಲಲ್ಲಿ ಈ ವ್ಯಾಕ್ಯೂಮ್ ಅಷ್ಟ್ ಸಿಗಲ್ಲ, ನಿಮಗೆ ಹತ್ತೋದೇ ಮುಖ್ಯ. ವೀಕೆಂಡಲ್ಲಿ ಹೋಗ್ಬೇಡಿ, ಕೆಳಗಿಂದ್ಲೇ ಗಾಡಿ ಸಾಲು. ಈಗ 40,000 ಆಗಿದೆ, ಆಯಿಲ್ ಚೇಂಜ್‌ನಿಂದ ಆಯಿಲ್ ಚೇಂಜ್‌ಗೆ ಟಾಪ್ ಅಪ್ ಇಲ್ಲ. ಸಿಂಥೆಟಿಕ್‌ಗೆ ಹೋಗಿದ್ದು 5000 ಆದ್ಮೇಲೆ.

—

ಜೆಸಿರೋಡ್_ಸ್ಪೇರ್ಸ್:

ಎಲ್ಲಾ ಹೇಳಿದಾರೆ, ಹೆಡ್ ಬೋಲ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ. ಪ್ಯೂಜೋ ಎಂಜಿನ್ನಿಗೆ ಮೊದಲ್ನೇ ಸಲ ಚೆನ್ನಾಗ್ ಬಿಸಿ ಆಗಿ ಪೂರ್ತಿ ತಣ್ಣಗಾದ್ಮೇಲೆ ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡ್ಲೇಬೇಕು, 1000 ಕಿಲೋಮೀಟರಲ್ಲಿ ಇನ್ನೊಂದ್ ಸಲ. ಗ್ಯಾಸ್ಕೆಟ್ ಕೂತ್ಕೊಳುತ್ತೆ, ಬೋಲ್ಟ್ ಸಡಿಲ ಆಗುತ್ತೆ, ಬಿಟ್ರೆ ನೀರು ಆಯಿಲ್ ಒಂದಾಗುತ್ತೆ. ರಾತ್ರಿ ಪೂರ್ತಿ ನಿಂತ ಎಂಜಿನ್ನಲ್ಲಿ ಬೆಳಗ್ಗೆ ಮಾಡಿ. ಮಧ್ಯದಿಂದ ಶುರು ಮಾಡಿ ಹೊರಕ್ಕೆ, ಒಂದ್ ಬೋಲ್ಟ್ ಕಾಲ್ ಸುತ್ತು ಸಡಿಲ ಮಾಡಿ ಮ್ಯಾನ್ಯುಯಲ್ಲಿನ ಟಾರ್ಕಿಗೆ ಟೈಟ್ ಮಾಡಿ ಆಮೇಲ್ ಇನ್ನೊಂದು. ಎಲ್ಲಾ ಒಟ್ಗೆ ಸಡಿಲಿಸ್ಬೇಡಿ. ಟಾರ್ಕ್ ರೆಂಚ್ ಇಲ್ದೆ ಕೈ ಅಂದಾಜಲ್ಲಿ ಯಾರೂ ಮಾಡಕ್ ಬಿಡ್ಬೇಡಿ ಎಷ್ಟೇ ಅನುಭವ ಇರ್ಲಿ. ಹೆಡ್ ಕೂತ ಮೇಲೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಡೋ ಸಣ್ಣ ಸಂದು) ಬದಲಾಗಿರುತ್ತೆ ಅದನ್ನೂ ಫೀಲರ್ ಗೇಜ್ ಹಾಕಿ ನೋಡಿಸಿ.

ಆಯಿಲ್ಲು ಮಿನರಲ್ 15ಡಬ್ಲ್ಯೂ-40 ಡೀಸೆಲ್ಲಿಂದು. ಮೊದಲ್ನೇ ಆಯಿಲ್ 50ರಿಂದ 100 ಕಿಲೋಮೀಟರ್ ಒಳಗೆ ಇಳಿಸ್ಬಿಡಿ, ಫಿಲ್ಟರ್ರೂ ಬದಲಾಯಿಸಿ. ಕಟ್ಟುವಾಗ ಸೇರಿದ ಧೂಳು, ಗ್ರೈಂಡಿಂಗ್ ಪುಡಿ, ಗ್ಯಾಸ್ಕೆಟ್ ಪೇಸ್ಟ್ ಎಲ್ಲಾ ಇದೇ ಆಯಿಲಲ್ಲಿ ಬರುತ್ತೆ. ಆಮೇಲೆ 500ಕ್ಕೆ, ಆಮೇಲೆ 1500ಕ್ಕೆ. ಹಳೇ ಫಿಲ್ಟರ್ ಬಿಸಾಕ್ಬೇಡಿ, ಕತ್ತರಿಸಿ ಪೇಪರ್ ಬಿಡಿಸಿ ಬಿಸಿಲಲ್ಲಿ ನೋಡಿ. ಬೂದಿ ಥರ ನುಣ್ಣಗಿನ ಮಿಂಚು ಇದ್ರೆ ಅದು ರಿಂಗಿಂದು, ಇರ್ಬೇಕು. ಉಗುರಿಗೆ ಸಿಕ್ಕೋ ಚೂರು ಇದ್ರೆ, ತಾಮ್ರದ ಬಣ್ಣ ಇದ್ರೆ, ಅಲ್ಲೇ ನಿಲ್ಲಿಸಿ.

—

ಬನಶಂಕರಿ_540:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಎರಡ್ ರಾತ್ರಿ ಕೂತು ಪ್ರತೀ ಸಾಲು ಓದಿದೀನಿ, ಅಪ್ಪಂಗೂ ಓದಿ ಹೇಳ್ದೆ. ಮಲ್ಲೇಶ್ವರಂ ಸರ್ ಬರೆದಿದ್ದು ಕೇಳಿ ತುಂಬಾ ಸಮಾಧಾನ ಆಯ್ತು ಅವ್ರಿಗೆ, ಏರಲ್ಲಿ ಎಳೆಸ್ಬೇಕು ಅನ್ನೋದಕ್ಕೆ ಆಮೇಲೆ ಒಪ್ಕೊಂಡ್ರು.

ಜನರೇಟರ್ ಬ್ರದರ್, ನೀವು ಹೇಳಿದ್ದೇ ನಿಜ, ಥರ್ಮೋಸ್ಟಾಟ್ ಇರ್ಲಿಲ್ಲ. ಹೌಸಿಂಗ್ ಬಿಚ್ಚಿದ್ರೆ ಖಾಲಿ. ಮೆಕ್ಯಾನಿಕ್ ಹತ್ರ ಕೇಳಿದ್ರೆ ಬೆಂಗಳೂರಿಗೆ ಅದು ಬೇಡ ಸರ್ ಅಂದ್ರು. ಹೊಸದು ತಂದು ನಾನೇ ಕಾಯ್ದ ನೀರಲ್ಲಿ ಬಿಟ್ಟು ಬಾಯಿ ತೆರೆಯುತ್ತಾ ನೋಡಿ ಹಾಕಿದೆ, ಬೋರ್‌ವೆಲ್ ನೀರು ತೆಗೆದು ಕೂಲೆಂಟ್ ಹಾಕಿದೆ. ಗಾಳಿ ಹೋಗೋ ತನಕ ಮುಚ್ಚಳ ತೆಗೆದಿಟ್ಟು ರೇಡಿಯೇಟರ್ ಹೋಸ್ ಒತ್ತಿ ಒತ್ತಿ ತುಂಬಿಸಿದೆ. ಈಗ ಮುಳ್ಳು ಹತ್ತು ನಿಮಿಷಕ್ಕೆ ಮಧ್ಯಕ್ಕೆ ಬಂದು ಅಲ್ಲೇ ನಿಲ್ಲುತ್ತೆ.

ಆಮೇಲೆ ಆಯಿಲ್ ಇಳಿಸಿದೆ, 60 ಕಿಲೋಮೀಟರಲ್ಲಿ. ಬಿಳೀ ಟಬ್ಬಲ್ಲಿ ಹಿಡಿದು ಬಿಸಿಲಿಗಿಟ್ಟು ನೋಡಿದ್ರೆ ಆಯಿಲ್ ಮೇಲೆ ಬೆಳ್ಳಿ ರಂಗೋಲಿ ಪುಡಿ ಕಲಸಿದ ಹಾಗಿತ್ತು, ಎದೆ ಒಂದ್ ಸಲ ಝಲ್ ಅಂತು. ಎರಡ್ ಬೆರಳಲ್ಲಿ ಉಜ್ಜಿದ್ರೆ ಏನೂ ಚುಚ್ಚಲ್ಲ, ನುಣ್ಣಗಿದೆ. ಫಿಲ್ಟರ್ ಆಕ್ಸಾ ಬ್ಲೇಡಲ್ಲಿ ಕೊಯ್ದು ಪೇಪರ್ ಬಿಡಿಸ್ದೆ, ಮಡಿಕೆಯೊಳಗೆ ಅದೇ ಬೂದಿ ಮಿಂಚು, ಒಂದೆರಡು ಕೆಂಪು ಎಳೆ ಸಿಕ್ತು, ನೋಡಿದ್ರೆ ಅದು ಗ್ಯಾಸ್ಕೆಟ್ ಪೇಸ್ಟು. ತಾಮ್ರ ಬಣ್ಣದ್ದು ಏನೂ ಇಲ್ಲ. ಅಪ್ಪ ಕನ್ನಡಕ ಹಾಕ್ಕೊಂಡು ಅರ್ಧ ಗಂಟೆ ಆ ಪೇಪರ್ ಹಿಡ್ಕೊಂಡು ಕೂತಿದ್ರು.

ಭಾನುವಾರ ಬೆಳಗ್ಗೆ 4.45ಕ್ಕೆ ಹೊರಟ್ವಿ. ಕನಕಪುರ ರೋಡು. ಹಾರೋಹಳ್ಳಿ ತನಕ 50ರಲ್ಲಿ ಮೂರನೇ ಗೇರು ಟಾಪು ಬದಲಾಯಿಸ್ತಾ ಬಿಸಿ ಮಾಡ್ಕೊಂಡೆ, ಆಮೇಲೆ ಪ್ರತೀ ಏರಲ್ಲೂ ಮೂರನೇ ಗೇರಲ್ಲಿ 30ರಿಂದ ಮುಕ್ಕಾಲು ಆಕ್ಸಿಲರೇಟರ್ ಒತ್ತಿ 45 ತನಕ, ಕಾಲು ತೆಗೆದು ಇಳಿಸೋದು, ಮತ್ತೆ. ಮೊದಲ್ನೇ ಹತ್ತು ಸಲ ಹಿಂದೆ ಹೊಗೆ ಕಾಣ್ತಿತ್ತು ಕನ್ನಡೀಲಿ. ಕನಕಪುರದಲ್ಲಿ ಇಡ್ಲಿ ತಿಂದು ಮುಚ್ಚಳ ಇಟ್ ನೋಡಿದೆ, ಕುಣೀತಿತ್ತು. ಅಲ್ಲಿಂದ ಸಂಗಮದ ಕಡೆ ಹೋಗಿ ವಾಪಸ್ ಹತ್ತುವಾಗ ಸದ್ದೇ ಬೇರೆ ಆಯ್ತು, ನಂಗೆ ಗೊತ್ತಾಗೋಕ್ ಮುಂಚೆ ಅಪ್ಪ ಹೇಳಿದ್ರು, ಈಗ ಎಳೀತಿದೆ ನೋಡು ಅಂತ. ಒಟ್ಟು 190 ಕಿಲೋಮೀಟರ್ ಆಯ್ತು ಅವತ್ತು. ಮನೆಗ್ ಬಂದು ಮುಚ್ಚಳ ಇಟ್ರೆ ಅಲ್ಲಾಡುತ್ತೆ, ಕುಣಿಯಲ್ಲ.

ಸೋಮವಾರ ಬೆಳಗ್ಗೆ ಟಾರ್ಕ್ ರೆಂಚ್ ಬಾಡಿಗೆಗೆ ತಂದು ಹೆಡ್ ಬೋಲ್ಟ್ ಮಾಡ್ಸಿದೆ. ಮೂರು ಬೋಲ್ಟು ಎಷ್ಟ್ ಸಡಿಲ ಇತ್ತು ಅಂದ್ರೆ ನಂಬಕ್ಕಾಗ್ಲಿಲ್ಲ.

—

ಮಲ್ಲೇಶ್ವರಂ_ಹಳೇಗಾಡಿ:

ಬಹಳ ಸಂತೋಷವಾಯ್ತು. ಸದ್ದು ಬದಲಾಯ್ತು ಅಂತ ನಿಮ್ಮ ತಂದೆಯವರು ಮೊದಲು ಹಿಡಿದರಲ್ಲ, ಅದು ಮೂವತ್ತು ವರ್ಷ ಆ ಗಾಡಿ ಓಡಿಸಿದ ಕಿವಿ. ಟ್ಯಾಪೆಟ್ ನೋಡಿಸಿದಿರಾ? ಬರೆದಿಲ್ಲ.

—

ಬನಶಂಕರಿ_540:

ನೋಡಿಸಿದೆ ಸರ್, ಎರಡು ಎಕ್ಸಾಸ್ಟ್ ಬಿಗಿ ಆಗಿತ್ತು, ಸರಿ ಮಾಡಿದ್ರು.

ಇವತ್ತಿಗೆ 710 ಕಿಲೋಮೀಟರ್. ಒಂದ್ ಸಲ ವಾರದ ಮಧ್ಯೆ ರಜೆ ಹಾಕಿ ನಂದಿ ಬೆಟ್ಟ, ಎರಡ್ ಸಲ ತೋಟ. 500ರಲ್ಲಿ ಎರಡನೇ ಆಯಿಲ್ ಚೇಂಜ್ ಮಾಡ್ದೆ, ಈ ಸಲ ಫಿಲ್ಟರಲ್ಲಿ ಮಿಂಚು ಹುಡುಕ್ಬೇಕಿತ್ತು. ಅಲ್ಲಿಂದ 210 ಕಿಲೋಮೀಟರ್‌ಗೆ ಗೇಜ್ ಕಡ್ಡೀಲಿ ಎರಡ್ ಮಿಲಿಮೀಟರ್ ಇಳಿದಿದೆ, ಬರ್ಕೊಂಡಿದೀನಿ. ಬೆಳಗ್ಗೆ ಹೀಟರ್ ಒಂದೇ ಸಲ, ಒಂದ್ ನಿಮಿಷ ಬಿಳೀ ಹೊಗೆ ಬಂದು ಹೋಗುತ್ತೆ, ನೀಲಿ ಹೊಗೆ ಬಿಸಿಯಾದ್ಮೇಲೆ ಇಲ್ಲವೇ ಇಲ್ಲ. ಮುಚ್ಚಳ ಸುಮ್ನೆ ಕೂತಿರುತ್ತೆ. ಎಮಿಷನ್ ಟೆಸ್ಟ್ ಪಾಸ್ ಆಯ್ತು, ಎಫ್‌ಸಿಗೆ ಮುಂದಿನ ಬುಧವಾರ. 1000 ಆದ್ಮೇಲೆ ಬೋಲ್ಟ್ ಇನ್ನೊಂದ್ ಸಲ ಮಾಡ್ಸಿ ಇಲ್ಲೇ ಬರೀತೀನಿ. ತೋಟದ ಹತ್ರ ಒಂದ್ ಕೆರೆ ಏರಿ ಏರು ಇದೆ, ಮೊದ್ಲು ಮೊದಲ್ನೇ ಗೇರ್ ಬೇಕಿತ್ತು ಅದಕ್ಕೆ, ನಿನ್ನೆ ಅಪ್ಪ ಎರಡನೇ ಗೇರಲ್ಲೇ ಹತ್ತಿಸಿದ್ರು.